ಲ್ಯಾಬ್ರಡಾರ್, ಶೆಫರ್ಡ್, ಮುಧೋಳ ಅಥವಾ ಬೀದಿ ಮರಿ: ಸ್ವಭಾವ ನೋಡಿ ನಾಯಿ ಆರಿಸುವುದು ಹೇಗೆ?

ಮನೆಗೊಂದು ನಾಯಿ ತರಬೇಕು ಅಂತ ಹೊರಟವರ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಲ್ಯಾಬ್ರಡಾರ್ ತರೋದಾ, ಮುಧೋಳ ತರೋದಾ? ಶೆಫರ್ಡ್ ಆದ್ರೆ ಕಾವಲಿಗೂ ಆಯ್ತು ಅಲ್ವಾ? ಬೀದಿ ಮರಿ ಎತ್ಕೊಂಡು ಬಂದ್ರೆ ಪುಣ್ಯವೂ ಬಂತು, ದುಡ್ಡೂ ಉಳೀತು ಅಲ್ವಾ? ಇದರ ನಡುವೆ ಮಗಳಿಗೆ ಬೀಗಲ್ ಬೇಕು. ಅತ್ತೆಗೆ ಮನೆಯೊಳಗೆ ಕೂದಲು ಬೀಳಬಾರದು. ಮಾವನಿಗೆ ಕಳ್ಳ ಬಂದರೆ ಹಿಡಿಯುವ ನಾಯಿ ಬೇಕು.

ಇವರೆಲ್ಲರಿಗೂ ಕೊನೆಗೆ ಬೇಕಾಗಿರುವುದು ಒಳ್ಳೇ ಗುಣದ ನಾಯಿ. ಹಾಗಾಗಿ ಆ ಒಳ್ಳೇ ಗುಣ ಯಾವುದು ಅನ್ನುವುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ. ತಳಿಯ ಮಾತು ಆಮೇಲೆ.

ಏನನ್ನು ಅಳೆಯಬೇಕು

ಗುಣದ ನಾಯಿ ಅಂದರೆ ಜನ ಎರಡು ರೀತಿ ಹೇಳುತ್ತಾರೆ. ‘ಪಾಪದ್ದು, ಯಾರಿಗೂ ಏನೂ ಮಾಡಲ್ಲ’ ಅನ್ನುವುದು ಒಂದು. ‘ಭಾರೀ ಧೈರ್ಯ, ಯಾರನ್ನೂ ಹತ್ತಿರ ಬಿಡಲ್ಲ’ ಅನ್ನುವುದು ಇನ್ನೊಂದು. ಎರಡೂ ಮೋಸದ ಅಳತೆ. ಮೂಲೆಯಲ್ಲಿ ಮುದುರಿ ಕೂತ ಪುಕ್ಕಲು ನಾಯಿಯೂ ನೋಡುವವರಿಗೆ ಪಾಪದ್ದೇ. ಗೇಟಿಗೆ ಹಾರಿ ಹಾರಿ ಬೊಗಳುವ ನಾಯಿ ಎಷ್ಟೋ ಸಲ ಒಳಗೊಳಗೆ ನಡುಗುತ್ತಿರುತ್ತದೆ. ‘ಬೊಗಳೋ ನಾಯಿ ಕಚ್ಚಲ್ಲ’ ಅನ್ನುವ ಗಾದೆಯನ್ನು ಕೊರಿಯರ್ ಹುಡುಗರ ಮುಂದೆ ಹೇಳಿ ನೋಡಿ, ಪ್ಯಾಂಟ್ ಮೇಲೆತ್ತಿ ಗಾಯದ ಗುರುತು ತೋರಿಸುತ್ತಾರೆ. ಹೆದರಿ ಬೊಗಳುವ ನಾಯಿಗೆ ಹಿಂದೆ ಸರಿಯಲು ಜಾಗ ಇಲ್ಲದಿದ್ದರೆ ಅದು ಕಚ್ಚಿಯೇ ಕಚ್ಚುತ್ತದೆ.

ನಾನು ಎಲ್ಲಕ್ಕಿಂತ ಮೊದಲು ನೋಡುವುದು ಚೇತರಿಕೆ. ಹೆದರದ ನಾಯಿ ಇಲ್ಲ, ಹೆದರಬಾರದು ಅಂತಲೂ ಇಲ್ಲ. ಕುಕ್ಕರ್ ಸೀಟಿ ಹೊಡೆಯಿತು, ಪಕ್ಕದಲ್ಲೇ ಛತ್ರಿ ಫಟ್ಟನೆ ಬಿಚ್ಚಿತು, ಗ್ಯಾಸ್ ಸಿಲಿಂಡರ್ ಧಡ್ ಅಂತ ಬಿತ್ತು. ನಾಯಿ ಬೆಚ್ಚಿ ಬೀಳುತ್ತದೆ, ಅದು ಸಹಜ. ಆಮೇಲೆ ಏನು ಮಾಡುತ್ತದೆ ಅನ್ನುವುದು ಮುಖ್ಯ. ಎರಡು ಹೆಜ್ಜೆ ಹಿಂದೆ ಹೋಗಿ, ಕಿವಿ ನಿಮಿರಿಸಿ, ಮೆಲ್ಲಗೆ ಬಂದು ಮೂಸಿ ನೋಡಿದರೆ ಗಟ್ಟಿ ಮನಸ್ಸಿನ ನಾಯಿ. ಮಂಚದ ಕೆಳಗೆ ಹೊಕ್ಕು ಸಂಜೆಯವರೆಗೂ ಹೊರಗೆ ಬರದಿದ್ದರೆ ಬದುಕೆಲ್ಲ ಅದಕ್ಕೂ ಕಷ್ಟ, ನಿಮಗೂ ಕಷ್ಟ. ದೀಪಾವಳಿಯ ಮೂರು ರಾತ್ರಿಗಳನ್ನು ನೆನೆಸಿಕೊಂಡರೆ ಗೊತ್ತಾಗುತ್ತದೆ. ಪಟಾಕಿ ಸದ್ದಿಗೆ ಚೈನು ಕಿತ್ತುಕೊಂಡು ಓಡಿ ಕಾಣೆಯಾಗುವ ನಾಯಿಗಳು ಪ್ರತಿ ವರ್ಷ ಎಲ್ಲ ಊರಲ್ಲೂ ಇವೆ.

ಅಮೆರಿಕದಲ್ಲಿ ನಾಯಿಗಳ ಸ್ವಭಾವ ಪರೀಕ್ಷಿಸುವ ಸಂಸ್ಥೆಯೊಂದು 1977ರಿಂದ ಇದೆ. ಅಲ್ಲೂ ಮಾಡುವುದು ಹೆಚ್ಚುಕಮ್ಮಿ ಇದನ್ನೇ. ಅಪರಿಚಿತರು ಬಂದು ಮಾತಾಡಿಸುತ್ತಾರೆ, ಇದ್ದಕ್ಕಿದ್ದಂತೆ ಛತ್ರಿ ಬಿಚ್ಚುತ್ತಾರೆ, ಗುಂಡಿನ ಸದ್ದು ಮಾಡುತ್ತಾರೆ, ಪ್ಲಾಸ್ಟಿಕ್ ಹಾಳೆ ಮತ್ತು ತಂತಿಯ ಜಾಲರಿ ಮೇಲೆ ನಡೆಸುತ್ತಾರೆ. ನಾಯಿ ಬೆಚ್ಚಿತು ಅಂತ ಅಂಕ ಕಳೆಯುವುದಿಲ್ಲ. ಗಾಬರಿಯಿಂದ ಹೊರಗೆ ಬರದಿದ್ದರೆ, ಪದೇ ಪದೇ ದೂರ ಓಡಿದರೆ ಅಥವಾ ಕಾರಣವಿಲ್ಲದೆ ಮೇಲೆರಗಿದರೆ ಫೇಲು.

ಎರಡನೆಯದು, ಹೊರಗಿನವರನ್ನು ಹೇಗೆ ತಗೊಳ್ಳುತ್ತದೆ ಅನ್ನುವುದು. ಎಲ್ಲರ ಮೈಮೇಲೆ ಬಿದ್ದು ನೆಕ್ಕಬೇಕಿಲ್ಲ. ನೀವು ‘ಬನ್ನಿ ಒಳಗೆ’ ಅಂದಮೇಲೆ ಸುಮ್ಮನಾದರೆ ಸಾಕು.

ಮೂರನೆಯದು, ಮೈ ಮುಟ್ಟಿಸಿಕೊಳ್ಳುವ ತಾಳ್ಮೆ. ಕಾಲು ಹಿಡಿದು ಉಗುರು ನೋಡುವಾಗ, ಕಿವಿಯಲ್ಲಿ ಉಣ್ಣಿ ಹುಡುಕುವಾಗ, ತಟ್ಟೆ ಹತ್ತಿರ ಮಗು ಹೋದಾಗ ಏನು ಮಾಡುತ್ತದೆ? ಇಲ್ಲಿ ಗುರ್ ಅನ್ನುವುದಕ್ಕಿಂತ ಅಪಾಯದ ಲಕ್ಷಣ ಒಂದಿದೆ. ತಿನ್ನುತ್ತಿದ್ದ ನಾಯಿ ಒಮ್ಮೆಲೇ ನಿಂತು, ಮೈ ಬಿಗಿ ಮಾಡಿ, ತಲೆ ಎತ್ತದೆ ಕಣ್ಣಂಚಲ್ಲಿ ನಿಮ್ಮನ್ನು ನೋಡುತ್ತದೆ. ಕಣ್ಣಿನ ಬಿಳಿ ಭಾಗ ಅರ್ಧಚಂದ್ರದ ಹಾಗೆ ಕಾಣುತ್ತದೆ. ಬಾಲ ಅಲ್ಲಾಡುತ್ತಿದ್ದರೂ ಆಗ ಕೈ ಮುಂದೆ ಮಾಡಬೇಡಿ.

ಉಳಿದಂತೆ ಮೂರು ಸಂಗತಿ: ಒಂಟಿಯಾಗಿ ಇರಬಲ್ಲದೇ, ಓಡುವುದನ್ನು ಕಂಡರೆ ಅಟ್ಟುವ ಚಟ ಎಷ್ಟು, ದಿನಕ್ಕೆ ಎಷ್ಟು ಓಡಾಟ ಬೇಡುತ್ತದೆ. ಇವು ಒಳ್ಳೇದು ಕೆಟ್ಟದ್ದು ಅನ್ನುವಂಥವಲ್ಲ. ನಿಮ್ಮ ಮನೆಗೆ ಹೊಂದುತ್ತದೋ ಇಲ್ಲವೋ, ಅಷ್ಟೇ.

ತಳಿ ನೋಡಿ ಎಷ್ಟು ಹೇಳಬಹುದು?

‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನುತ್ತೇವೆ. ಅದು ನಿಜವೇ. ಆದರೆ ಹುಟ್ಟುಗುಣ ಬೇರೆ, ತಳಿಯ ಹೆಸರು ಬೇರೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ದೊಡ್ಡ ಅಧ್ಯಯನವೊಂದು ಬಂತು. 18 ಸಾವಿರಕ್ಕೂ ಹೆಚ್ಚು ನಾಯಿಗಳ ನಡವಳಿಕೆ ಬಗ್ಗೆ ಸಾಕಿದವರನ್ನೇ ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ತೆಗೆದು ನೋಡಿದ್ದರು. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿ ಸ್ವಲ್ಪ ಲೆಕ್ಕಕ್ಕೆ ಬರುತ್ತದೆ. ಎಷ್ಟು ಬೇಗ ಕೆರಳುತ್ತದೆ ಅನ್ನುವುದರಲ್ಲಿ ಮಾತ್ರ ತಳಿಯ ಪಾಲು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ಅಂದಮೇಲೆ ತಳಿಯನ್ನು ಏಕೆ ನೋಡಬೇಕು? ಮೈಕಟ್ಟು, ಕೂದಲು, ಓಟ, ಹಸಿವು, ರೋಗ, ಖರ್ಚು ಇವೆಲ್ಲ ತಳಿಯ ಜೊತೆಗೇ ಬರುತ್ತವೆ. ಅಟ್ಟಿಕೊಂಡು ಹೋಗುವುದು, ಮೂಸಿಕೊಂಡು ಹೋಗುವುದು, ಕಚ್ಚಿ ತರುವುದು ಮುಂತಾದ ಕಸುಬಿನ ಚಟಗಳೂ ಅಷ್ಟಿಷ್ಟು ಬರುತ್ತವೆ. ಕೆಳಗೆ ಬರೆದದ್ದನ್ನು ಹಾಗೇ ಓದಿಕೊಳ್ಳಿ. ಇದು ಸಾಮಾನ್ಯ ಒಲವು. ನೀವು ತರುವ ಆ ಒಂದು ನಾಯಿ ಬೇರೆಯೇ ಇರಬಹುದು.

ಲ್ಯಾಬ್ರಡಾರ್

ಚೇತರಿಕೆ, ಹೊರಗಿನವರ ಜೊತೆ ಸಲಿಗೆ, ಮೈ ಮುಟ್ಟಿಸಿಕೊಳ್ಳುವ ತಾಳ್ಮೆ ಮೂರರಲ್ಲೂ ಇದಕ್ಕೆ ಒಳ್ಳೇ ಹೆಸರು. ಕಣ್ಣು ಕಾಣದವರಿಗೆ ದಾರಿ ತೋರುವ ಕೆಲಸಕ್ಕೆ ಇವನ್ನು ಆರಿಸುವುದೂ ಅದಕ್ಕೇ. ಮೊದಲ ಸಲ ನಾಯಿ ಸಾಕುವವರಿಗೆ, ಮಕ್ಕಳಿರುವ ಮನೆಗೆ, ಜನ ಬಂದು ಹೋಗುವ ಮನೆಗೆ ಕಣ್ಣು ಮುಚ್ಚಿ ಹೇಳಬಹುದಾದ ಹೆಸರು ಅನ್ನಿಸುತ್ತದೆ. ಆದರೆ ಕಣ್ಣು ತೆರೆದೇ ಕೆಲವು ವಿಷಯ ನೋಡಬೇಕು.

ಮೊದಲನೆಯದು ಹರೆಯ. ಆರು ತಿಂಗಳಿಂದ ಎರಡು ವರ್ಷದವರೆಗೆ ಲ್ಯಾಬ್ ಅಂದರೆ ಬಾಲ ಇರುವ ಬುಲ್ಡೋಜರ್. ಚಪ್ಪಲಿ, ಸೋಫಾ, ಚಾರ್ಜರ್ ಯಾವುದೂ ಉಳಿಯುವುದಿಲ್ಲ. 30 ಕಿಲೋ ತೂಕದ್ದು ಪ್ರೀತಿಯಿಂದಲೇ ಹಾರಿದರೂ ಅಜ್ಜಿಯ ಸೊಂಟ ಮುರಿಯುತ್ತದೆ. ಎರಡನೆಯದು ಹೊಟ್ಟೆ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹಸಿವು ತೀರದಂತೆ ಮಾಡುವ ಜೀನ್ ದೋಷವಿದೆ ಅಂತ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು. ನಮ್ಮಲ್ಲಿ ಊಟಕ್ಕೆ ಕೂತವರೆಲ್ಲ ಒಂದೊಂದು ಚಪಾತಿ ಚೂರು ಹಾಕುತ್ತಾರೆ. ಮೂರು ವರ್ಷಕ್ಕೆ ನಾಯಿ ಡ್ರಮ್ಮಿನ ಹಾಗಾಗುತ್ತದೆ, ಸೊಂಟದ ಕೀಲು ಕೈ ಕೊಡುತ್ತದೆ. ಆಮೇಲೆ ಕೂದಲು. ವರ್ಷಪೂರ್ತಿ ಉದುರುತ್ತದೆ. ಅತ್ತೆಯನ್ನು ಒಪ್ಪಿಸುವ ಕೆಲಸ ನಿಮ್ಮದು.

ಖರ್ಚಿನ ಲೆಕ್ಕ ಇಷ್ಟು. ಈ ಗಾತ್ರದ ನಾಯಿಗೆ ಪ್ಯಾಕೆಟ್ ಆಹಾರವೇ ಹಾಕುವುದಾದರೆ ತಿಂಗಳಿಗೆ ಹತ್ತು ಹನ್ನೆರಡು ಕಿಲೋ ಬೇಕು. ಅನ್ನ, ಮೊಟ್ಟೆ, ಕೋಳಿ ಅಂತ ಮನೆಯಲ್ಲೇ ಬೇಯಿಸಿದರೂ ಒಬ್ಬ ಮನುಷ್ಯನ ಊಟದ ಖರ್ಚು ಅಂತಲೇ ಇಟ್ಟುಕೊಳ್ಳಿ. ಕಾವಲಿಗೆ ಇದನ್ನು ನೆಚ್ಚಬೇಡಿ. ಬೊಗಳಬಹುದು, ಆಮೇಲೆ ಕಳ್ಳನ ಕೈ ನೆಕ್ಕುತ್ತದೆ.

ಜರ್ಮನ್ ಶೆಫರ್ಡ್

ಜರ್ಮನಿಯ ಮ್ಯಾಕ್ಸ್ ಫಾನ್ ಸ್ಟೆಫನಿಟ್ಜ್ ಅನ್ನುವ ಸೈನ್ಯಾಧಿಕಾರಿ 1899ರಲ್ಲಿ ಈ ತಳಿಗೆ ಅಡಿಪಾಯ ಹಾಕಿದ್ದು ಕುರಿ ಕಾಯುವ ಕೆಲಸಕ್ಕೆ. ಇಡೀ ದಿನ ಕೆಲಸ, ಇಡೀ ದಿನ ಗಮನ. ಇವತ್ತಿಗೂ ಅದರ ತಲೆ ಹಾಗೇ ಓಡುತ್ತದೆ. ಕೆಲಸ ಕೊಟ್ಟರೆ ಚಿನ್ನ. ಕೊಡದಿದ್ದರೆ ಮಹಡಿಯಿಂದ ರಸ್ತೆ ನೋಡುತ್ತಾ ಹೋಗುವ ಬರುವ ಪ್ರತಿಯೊಂದು ಸ್ಕೂಟರ್‌ಗೂ ಬೊಗಳುವುದನ್ನೇ ಕೆಲಸ ಮಾಡಿಕೊಳ್ಳುತ್ತದೆ.

ಇಲ್ಲಿ ಚೇತರಿಕೆಯ ಪರೀಕ್ಷೆ ತಪ್ಪಿಸಲೇಬೇಡಿ. ಒಳ್ಳೇ ಶೆಫರ್ಡ್ ಹೊರಗಿನವರನ್ನು ನಿಂತು ಅಳೆಯುತ್ತದೆ, ಆಮೇಲೆ ನಿಮ್ಮ ಮುಖ ನೋಡುತ್ತದೆ. ಕೆಟ್ಟದ್ದು ಪುಕ್ಕಲೂ ಆಗಿರುತ್ತದೆ, ಕಚ್ಚುವುದರಲ್ಲಿ ಚುರುಕೂ ಆಗಿರುತ್ತದೆ. ಹಿಂದೆ ಹಿಂದೆ ಸರಿಯುತ್ತಲೇ ಹಲ್ಲು ತೋರಿಸುತ್ತದೆ, ಬೆನ್ನು ತಿರುಗಿಸಿದವರ ಕಾಲಿಗೆ ಬಾಯಿ ಹಾಕುತ್ತದೆ. ಇದನ್ನು ‘ಒಳ್ಳೇ ಕಾವಲು ನಾಯಿ’ ಅಂತ ಮಾರುವವರಿದ್ದಾರೆ. ನಾಯಿಗಳೆಲ್ಲದರಲ್ಲೂ ಮನೆಗೆ ಸೇರಿಸಬಾರದ ಜೋಡಿ ಇದು: ಭಯ ಜಾಸ್ತಿ, ತಡೆ ಕಮ್ಮಿ.

ಅಂಗಳ ಇರುವ ಮನೆ, ದಿನಕ್ಕೆ ಒಂದೂವರೆ ಗಂಟೆ ಕೊಡಬಲ್ಲ ಒಬ್ಬರು, ತರಬೇತಿಗೆ ದುಡ್ಡು ಅಥವಾ ಪುರುಸೊತ್ತು ಇವು ಇದ್ದರೆ ಇದಕ್ಕಿಂತ ಒಳ್ಳೇ ಜೊತೆಗಾರ ಸಿಗುವುದು ಕಷ್ಟ. ಮಂಗಳೂರು, ಕಾರವಾರದ ಸೆಖೆಗೆ ದಪ್ಪ ಕೂದಲು ತೊಂದರೆಯೇ. ಫ್ಯಾನ್ ಕೆಳಗಿನ ಜಾಗ ಅದರದ್ದಾಗುತ್ತದೆ.

ಮುಧೋಳ

ಬಾಗಲಕೋಟೆ ಜಿಲ್ಲೆಯ ಈ ಬೇಟೆ ನಾಯಿ ಈಗ ಭಾರೀ ಹೆಸರು ಮಾಡಿದೆ. ಮುಧೋಳದ ಘೋರ್ಪಡೆ ಅರಸರು ಬೆಳೆಸಿದ ತಳಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. 2016ರಲ್ಲಿ ನಾಯಿಗಳಿಗೆ ತರಬೇತಿ ಕೊಡುವ ಸೈನ್ಯದ ಮೀರತ್ ಕೇಂದ್ರಕ್ಕೆ ಮರಿಗಳು ಹೋದವು. 2020ರಲ್ಲಿ ಪ್ರಧಾನಿ ರೇಡಿಯೊ ಭಾಷಣದಲ್ಲಿ ಇದರ ಹೆಸರು ಹೇಳಿದ ಮೇಲಂತೂ ಬೆಂಗಳೂರಿನ ಫ್ಲ್ಯಾಟುಗಳಿಂದಲೂ ಬೇಡಿಕೆ ಶುರುವಾಯಿತು. ನನ್ನ ತಕರಾರು ಇರುವುದು ಅಲ್ಲೇ.

ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ಬಯಲಿನಲ್ಲಿ ದೂರದ ಮೊಲ ಅಲುಗಾಡಿದರೆ ಸಾಕು, ಬಾಣದ ಹಾಗೆ ಹೊರಡುತ್ತದೆ. ಆ ಹೊತ್ತಲ್ಲಿ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಪೇಟೆಯಲ್ಲಿ ಮೊಲದ ಜಾಗಕ್ಕೆ ಬೆಕ್ಕು, ಅಳಿಲು, ಪಕ್ಕದ ಮನೆಯ ಸಣ್ಣ ನಾಯಿ ಬರುತ್ತವೆ. ಬೆಲ್ಟ್ ಇಲ್ಲದೆ ರಸ್ತೆಗೆ ಬಿಡುವ ಮಾತೇ ಇಲ್ಲ. ಹಳ್ಳಿಯಲ್ಲಾದರೂ ಮನೆಯಲ್ಲಿ ಕೋಳಿ, ಮೇಕೆ ಮರಿ ಇದ್ದರೆ ಯೋಚನೆ ಮಾಡಿ. ಅವುಗಳ ಜೊತೆಗೇ ಬೆಳೆದ ಮರಿಯಾದರೆ ಪರವಾಗಿಲ್ಲ.

ಸ್ವಭಾವ ಗಂಭೀರ. ಮನೆಯವರ ಜೊತೆ ಮೆತ್ತಗೆ, ಬೇರೆಯವರು ಮೈ ಮುಟ್ಟಿದರೆ ಹಿಡಿಸುವುದಿಲ್ಲ. ನೆಂಟರ ಮಕ್ಕಳು ಬಂದು ಕುತ್ತಿಗೆ ತಬ್ಬಿಕೊಳ್ಳುವ ಮನೆಗೆ ಇದು ಸರಿಹೋಗುವುದಿಲ್ಲ. ಗದರಿದರೆ ಮುನಿಸಿಕೊಂಡು ದೂರ ಹೋಗುತ್ತದೆ, ಹೊಡೆದರೆ ನಂಬಿಕೆಯೇ ಹೋಗುತ್ತದೆ. ಚೈನಿಗೆ ಕಟ್ಟಿ ಸಾಕುವುದಂತೂ ಬೇಡವೇ ಬೇಡ, ಕೆಟ್ಟ ಗುಣವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಇಷ್ಟು ಹೇಳಿದ ಮೇಲೂ ನನಗೆ ಬಹಳ ಇಷ್ಟದ ನಾಯಿ ಇದು. ಬಯಲುಸೀಮೆಯ ಬಿಸಿಲು ತಡೆಯುತ್ತದೆ. ಕೂದಲು ಚಿಕ್ಕದು, ವಾಸನೆ ಕಮ್ಮಿ. ಸುಮ್ಸುಮ್ನೆ ಬೊಗಳುವುದಿಲ್ಲ. ಅದರ ಊರಲ್ಲಿ ಜೋಳದ ರೊಟ್ಟಿ, ಹಾಲು ಹಾಕಿ ಸಾಕಿದವರೇ ಜಾಸ್ತಿ. ಬೇಲಿ ಹಾಕಿದ ತೋಟ, ಬೆಳಿಗ್ಗೆ ಓಡುವ ಅಭ್ಯಾಸದ ಯಜಮಾನ, ತೀರಾ ಚಿಕ್ಕ ಮಕ್ಕಳಿಲ್ಲದ ಮನೆ ಇದ್ದರೆ ಧೈರ್ಯವಾಗಿ ತನ್ನಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಆನ್‌ಲೈನ್‌ನಲ್ಲಿ ಫೋಟೊ ನೋಡಿ ಕೊಳ್ಳುವ ಬದಲು ಅಲ್ಲಿ ವಿಚಾರಿಸಿ.

ಸಣ್ಣ ನಾಯಿಗಳು

ನಮ್ಮಲ್ಲಿ ‘ಪಾಮ್’ ಅಂತ ಕರೆಯುವ ಬಿಳಿ ನಾಯಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ಚುರುಕು, ಖರ್ಚು ಕಮ್ಮಿ, ಮೊಸರನ್ನ ತಿಂದು ಹದಿನಾಲ್ಕು ವರ್ಷ ಬದುಕಿದ ಉದಾಹರಣೆ ಪ್ರತಿ ಬೀದಿಯಲ್ಲೂ ಸಿಗುತ್ತದೆ. ಗೇಟಿನ ಸದ್ದಾದರೆ ಮೊದಲು ತಿಳಿಸುವುದು ಇದೇ. ಆದರೆ ಮುಟ್ಟಿಸಿಕೊಳ್ಳುವ ತಾಳ್ಮೆ ಕಮ್ಮಿ. ಗೊಂಬೆಯ ಹಾಗಿದೆ ಅಂತ ಮಕ್ಕಳು ಎತ್ತಿ ಆಡಿಸುತ್ತಾರೆ, ಅದು ಚುಚ್ಚಿದ ಹಾಗೆ ಕಚ್ಚುತ್ತದೆ. ಸಣ್ಣದು ಅಂತ ಯಾರೂ ತಿದ್ದುವುದಿಲ್ಲ. ಇಬ್ಬರು ಹಿರಿಯರಿರುವ ಸಣ್ಣ ಮನೆಗೆ, ಬಜೆಟ್ ಬಿಗಿ ಇರುವವರಿಗೆ ಒಳ್ಳೇದು. ಗೋಡೆಗೆ ಗೋಡೆ ತಾಗಿದ ಅಪಾರ್ಟ್‌ಮೆಂಟಿನಲ್ಲಿ ಬೊಗಳುವಿಕೆಯ ಜಗಳ ಖಚಿತ.

ಪಗ್ ಮತ್ತು ಶಿಟ್ಜು ಸ್ವಭಾವದಲ್ಲಿ ಹೇಳಿ ಮಾಡಿಸಿದ ಫ್ಲ್ಯಾಟ್ ನಾಯಿಗಳು. ಮಕ್ಕಳ ಜೊತೆ ಹೊಂದುತ್ತವೆ, ಹೆಚ್ಚು ಓಡಾಟ ಕೇಳುವುದಿಲ್ಲ. ಹಚ್ ಮೊಬೈಲ್ ಜಾಹೀರಾತಿನ ಕಾಲದಲ್ಲಿ ಊರೆಲ್ಲ ಪಗ್ ಆಗಿದ್ದು ನೆನಪಿರಬಹುದು. ತೊಂದರೆ ಇರುವುದು ಮೂಗಿನಲ್ಲಿ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಏದುಸಿರಿನಿಂದ. ಚಪ್ಪಟೆ ಮುಖದ ನಾಯಿಗೆ ಆ ದಾರಿಯೇ ಇಕ್ಕಟ್ಟು. ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಮಧ್ಯಾಹ್ನ ವಾಕಿಂಗ್ ಕರೆದುಕೊಂಡು ಹೋದರೆ ಜೀವಕ್ಕೇ ಕುತ್ತು. ಕೊಳ್ಳುವ ಬೆಲೆಗಿಂತ ಡಾಕ್ಟರ ಬಿಲ್ಲು ಜಾಸ್ತಿ ಆಗುತ್ತದೆ ಅಂತ ಲೆಕ್ಕ ಹಾಕಿಕೊಂಡೇ ತನ್ನಿ.

ಬೀಗಲ್ ಜಗಳಗಂಟ ಅಲ್ಲ, ಮಕ್ಕಳಿಗೆ ಹೇಳಿ ಮಾಡಿಸಿದ್ದು. ಆದರೆ ಮೂಗು ಎಳೆದ ಕಡೆ ಹೋಗುತ್ತದೆ, ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ. ಒಂಟಿ ಬಿಟ್ಟರೆ ಊಳಿಡುತ್ತದೆ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವ ಫ್ಲ್ಯಾಟಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹಸ್ಕಿ ಮತ್ತು ರಾಟ್‌ವೀಲರ್

ಹಸ್ಕಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ನಾಯಿಯನ್ನು ನಮ್ಮ ಬಿಸಿಲಿಗೆ ತರುವುದು ಬೇಡ. ಎಸಿ ಹಾಕುತ್ತೇವೆ ಅನ್ನುವವರಿಗೂ ಇದೇ ಉತ್ತರ.

ರಾಟ್‌ವೀಲರ್ ವಿಷಯ ಬೇರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇದೂ ಸೇರಿ 23 ತಳಿಗಳಿಗೆ ತಡೆ ಹಾಕುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಮರು ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಾನೂನು ಹಾಗಿರಲಿ. ಇದು ಬೇರೆ ನಾಯಿಗಿಂತ ಹೆಚ್ಚು ಸಿಟ್ಟಿನದ್ದು ಅಂತ ಹೇಳಲಾರೆ. ಆದರೆ 45 ಕಿಲೋ ನಾಯಿ ತಪ್ಪು ಮಾಡಿದರೆ ಪೆಟ್ಟು ದೊಡ್ಡದು. ಮೊದಲ ನಾಯಿಯಾಗಿ ಬೇಡ.

ಬೀದಿ ಮರಿ

ಕಂತ್ರಿ ನಾಯಿ ಅಂತ ಬೈಗುಳವಾಗಿದ್ದುದು ಈಗ ‘ಇಂಡಿ’ ಆಗಿದೆ. ಆರೋಗ್ಯದಲ್ಲಿ ಇದನ್ನು ಮೀರಿಸುವುದು ಕಷ್ಟ. ನಮ್ಮ ಹವೆಗೆ ಒಗ್ಗಿದ ಮೈ, ಚಿಕ್ಕ ಕೂದಲು, ಮಧ್ಯಮ ಗಾತ್ರ, ಮಿತವಾದ ಹಸಿವು. ದುಡ್ಡಿನ ಲೆಕ್ಕದಲ್ಲೂ ಇದೇ ಗೆಲ್ಲುತ್ತದೆ. ಮರಿಗೆ ಬೆಲೆ ಇಲ್ಲ. ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸು ಉಚಿತ ಲಸಿಕೆ ಶಿಬಿರಗಳೂ ನಡೆಯುತ್ತವೆ.

ಸ್ವಭಾವದಲ್ಲಿ ಮಾತ್ರ ಲಾಟರಿ. ಮರಿ ಬುದ್ಧಿವಂತ ಆಗಿರುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲ. ಬೀದಿಯಲ್ಲಿ ದಡ್ಡ ನಾಯಿ ಉಳಿಯುವುದಿಲ್ಲ. ಆದರೆ ಬೀದಿಯಲ್ಲಿ ಉಳಿಸುವ ಗುಣವೇ ಲಿಫ್ಟಿನಲ್ಲಿ ತೊಡಕಾಗುತ್ತದೆ. ಅನುಮಾನ, ದೂರ ಇಟ್ಟುಕೊಳ್ಳುವುದು, ನನ್ನ ಜಾಗ ಅನ್ನುವ ಹಟ, ಸಿಕ್ಕ ಊಟ ಬಿಟ್ಟುಕೊಡದಿರುವುದು ಇವೆಲ್ಲ ಅಲ್ಲಿ ಬೇಕು. ನಾಲ್ಕು ತಿಂಗಳವರೆಗೆ ಎಲ್ಲರ ತೊಡೆ ಮೇಲೆ ಮಲಗಿದ್ದ ಮರಿ, ಎಂಟನೇ ತಿಂಗಳಿಗೆ ವಾಚ್‌ಮನ್ ಕಂಡರೆ ಗುರ್ ಅನ್ನಲು ಶುರು ಮಾಡುವುದು ಬಹಳ ಸಾಮಾನ್ಯ. ಜನ ಆಗಲೇ ಕೈ ಬಿಡುವುದು. ಕಾವಲಿಗೆ ಬೇಕು ಅನ್ನುವವರಿಗೆ ಇದೇ ಗುಣ ವರ. ಗೇಟಿರುವ ಸ್ವಂತ ಮನೆಗೆ ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೇ ಕಾವಲು ಸಿಗುವುದಿಲ್ಲ.

ಇನ್ನೊಂದು ಸಂಗತಿ. ಬೀದಿ ನಾಯಿಗಳು ಹೆಚ್ಚಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ಬೆದೆಗೆ ಬರುತ್ತವೆ, ಚಳಿಗಾಲದಲ್ಲಿ ಮರಿ ಹಾಕುತ್ತವೆ. ಚಳಿಯಲ್ಲಿ ನಡುಗುತ್ತಿದೆ, ಪಾಪ ಅಂತ ತಾಯಿ ಇದ್ದರೂ ನಾಲ್ಕೇ ವಾರದ ಮರಿಯನ್ನು ಎತ್ತಿಕೊಂಡು ಬರಬೇಡಿ. ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವರಿಂದ. ಎರಡು ತಿಂಗಳು ಆಗಲಿ, ಅಲ್ಲಿಯವರೆಗೆ ತಾಯಿಗೆ ಊಟ ಹಾಕಿ. ಮಾರಾಟದ ಮರಿಗಳಿಗೂ ಇದೇ ನಿಯಮ. 2017ರ ಕಾನೂನಿನ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ.

ಮರಿಯೋ, ದೊಡ್ಡದೋ?

ಯಾವ ತಳಿ ಅನ್ನುವುದಕ್ಕಿಂತ ಈ ಪ್ರಶ್ನೆ ದೊಡ್ಡದು ಅನ್ನುವುದು ನನ್ನ ಅನಿಸಿಕೆ. ಬಹಳ ಜನ ಇದನ್ನು ಕೇಳಿಕೊಳ್ಳುವುದೇ ಇಲ್ಲ.

ಮರಿಯಾದರೆ ತಿದ್ದಲು ಅವಕಾಶ ಇದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಅನ್ನುವ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಸಾಕಿ ಕಂಡುಕೊಂಡ ಪ್ರಕಾರ, ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ಏನೇನು ನೋಡುತ್ತದೋ ಅದು ಮರಿಗೆ ಬದುಕಿಡೀ ಸಹಜ ಅನ್ನಿಸುತ್ತದೆ. ಆ ಹೊತ್ತಲ್ಲಿ ಗಡ್ಡದವರು, ಹೆಲ್ಮೆಟ್ ಹಾಕಿದವರು, ಮಕ್ಕಳು, ಮಿಕ್ಸರ್ ಸದ್ದು, ಆಟೊ ಎಲ್ಲ ನೋಡಿರಬೇಕು. ಎಂಟು ವಾರಕ್ಕೆ ಮರಿ ನಿಮ್ಮ ಕೈಗೆ ಬಂದರೆ ಉಳಿಯುವುದು ನಾಲ್ಕೇ ವಾರ. ಆಗಲೇ ಡಾಕ್ಟರು ‘ಇಂಜೆಕ್ಷನ್ ಮುಗಿಯೋ ತನಕ ಹೊರಗೆ ಬಿಡಬೇಡಿ’ ಅಂದಿರುತ್ತಾರೆ. ಅವರು ಹೇಳಿದ್ದು ಸರಿ, ನೆಲಕ್ಕೆ ಬಿಡಬೇಡಿ. ಎತ್ತಿಕೊಂಡು ಹೋಗಿ. ಮಾರ್ಕೆಟ್ ಮುಂದೆ ಹತ್ತು ನಿಮಿಷ ಕಾರಲ್ಲಿ ಕೂತು ವಾಪಸ್ ಬನ್ನಿ.

ಮರಿ ಏನಾಗುತ್ತದೆ ಅಂತ ಮೊದಲೇ ಹೇಳುವುದು ಮಾತ್ರ ಕಷ್ಟ. ಏಳು ವಾರದ ಮರಿಗೆ ಮಾಡುವ ಪರೀಕ್ಷೆಗಳು ದೊಡ್ಡದಾದ ಮೇಲಿನ ನಡತೆಯನ್ನು ಅಷ್ಟಾಗಿ ಹೇಳುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಎರಡು ಮೂರು ವರ್ಷದ ನಾಯಿಯಾದರೆ ಊಹೆಯೇ ಬೇಡ. ಇರುವುದು ಇದ್ದ ಹಾಗೆ ಕಾಣುತ್ತದೆ. ಬೆಂಗಳೂರಿನ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್ ಇಂಥ ಪ್ರಾಣಿ ರಕ್ಷಣಾ ಸಂಸ್ಥೆಗಳಲ್ಲಿ ಮನೆ ಸಿಗಲಿ ಅಂತ ಕಾಯುತ್ತಿರುವ ದೊಡ್ಡ ನಾಯಿಗಳಿವೆ. ಮನೆ ಬದಲಾಯಿಸುವಾಗ, ವಿದೇಶಕ್ಕೆ ಹೋಗುವಾಗ ಜನ ಬಿಟ್ಟು ಹೋದ ತಳಿ ನಾಯಿಗಳೂ ಇರುತ್ತವೆ.

ಇದಕ್ಕಿಂತ ಹತ್ತಿರದ ದಾರಿಯೂ ಇದೆ. ನಿಮ್ಮ ಬೀದಿಯಲ್ಲೇ ಎರಡು ವರ್ಷದಿಂದ ಇರುವ, ಕಿವಿ ತುದಿ ಕತ್ತರಿಸಿದ, ಅಂದರೆ ಸಂತಾನಹರಣ ಆಗಿರುವ, ಶಾಲೆ ಮಕ್ಕಳು ತುಳಿದುಕೊಂಡು ಹೋದರೂ ಸುಮ್ನೆ ಮಲಗಿರುವ ನಾಯಿ ಒಂದು ಇದ್ದೇ ಇರುತ್ತದೆ. ಎರಡು ದೀಪಾವಳಿ, ನೂರು ಲಾರಿ, ಸಾವಿರ ಅಪರಿಚಿತರನ್ನು ಅದು ದಾಟಿದೆ. ಯಾವ ಬ್ರೀಡರ್ ಕೂಡ ಇಷ್ಟು ಪರೀಕ್ಷೆ ಮಾಡಿದ ನಾಯಿ ಕೊಡಲಾರ. ಬೀದಿ ಬಿಟ್ಟು ಒಳಗೆ ಇರಲು ಅದಕ್ಕೆ ಮನಸ್ಸಿದೆಯೇ ಅನ್ನುವುದನ್ನು ಮಾತ್ರ ನೋಡಬೇಕು. ಕೆಲವಕ್ಕೆ ಇರುತ್ತದೆ, ಕೆಲವು ಸಂಜೆಯಾದರೆ ಬಾಗಿಲು ಕೆರೆಯುತ್ತವೆ.

ಮರಿಯೇ ಬೇಕು ಅಂದರೆ

ಮೊದಲು ತಾಯಿಯನ್ನು ತೋರಿಸಿ ಅನ್ನಿ. ‘ತಾಯಿ ಊರಲ್ಲಿದೆ, ಫೋಟೊ ಇದೆ’ ಅಂದರೆ ಎದ್ದು ಬನ್ನಿ. ತಾಯಿ ನಿಮ್ಮನ್ನು ಕಂಡು ಬೊಗಳಿದರೆ ತಪ್ಪಿಲ್ಲ, ಮರಿ ಇದೆಯಲ್ಲ. ಯಜಮಾನ ಸಮಾಧಾನ ಮಾಡಿದ ಮೇಲೂ ಅದು ಗೋಡೆಗೆ ಅಂಟಿ ನಡುಗುತ್ತಿದ್ದರೆ ಆ ಮರಿಗಳು ಬೇಡ. ಭಯ ಜೀನಿನಿಂದಲೂ ಬರುತ್ತದೆ, ತಾಯಿಯನ್ನು ನೋಡಿ ಕಲಿಯುವುದರಿಂದಲೂ ಬರುತ್ತದೆ.

ಆಮೇಲೆ ನೆಲದ ಮೇಲೆ ಕೂತುಕೊಳ್ಳಿ. ಮರಿಗಳು ನಿಮ್ಮನ್ನು ಮರೆತು ಆಡಲು ಶುರು ಮಾಡಿದಾಗ ಒಂದು ಸ್ಟೀಲ್ ಲೋಟ ಸ್ವಲ್ಪ ದೂರದಲ್ಲಿ ಬೀಳಿಸಿ. ಒಂದು ಮರಿ ಕಿರುಚಿ ಗೋಣಿಚೀಲದ ಹಿಂದೆ ಹೋಗುತ್ತದೆ, ಎಲ್ಲ ಮುಗಿದ ಮೇಲೂ ಬರುವುದಿಲ್ಲ. ಒಂದು ನೇರ ಲೋಟದ ಮೇಲೆ ಎಗರಿ ಬಾಯಲ್ಲಿ ಕಚ್ಚಿ ಎಳೆಯುತ್ತದೆ. ಒಂದು ಬೆಚ್ಚಿ ಕೂತು, ತಲೆ ಓರೆ ಮಾಡಿ, ಮೂಗು ಮುಂದೆ ಮಾಡಿ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಬರುತ್ತದೆ. ಮೂಸುತ್ತದೆ. ಕಾಲಲ್ಲಿ ತಟ್ಟುತ್ತದೆ. ಲೋಟ ಉರುಳಿದರೆ ಮತ್ತೆ ಹಿಂದೆ ಹಾರಿ, ಮತ್ತೆ ಬರುತ್ತದೆ. ಸಾಮಾನ್ಯ ಮನೆಗೆ ಈ ಮೂರನೆಯದು. ಎಗರಿದ ಮರಿ ತರಬೇತಿ ಕೊಡಬಲ್ಲವರಿಗೆ. ಸದ್ದಾದದ್ದೇ ಗೊತ್ತಿಲ್ಲದ ಹಾಗೆ ಆಡುತ್ತಿರುವ ಮರಿ ಇದ್ದರೆ ಧೈರ್ಯಶಾಲಿ ಅಂದುಕೊಳ್ಳಬೇಡಿ, ಕಿವಿ ಕೇಳಿಸುತ್ತದೋ ಇಲ್ಲವೋ ನೋಡಿಸಿ. ಡಾಲ್ಮೇಷಿಯನ್‌ಗಳಲ್ಲಿ ಹುಟ್ಟು ಕಿವುಡು ಅಪರೂಪವೇನಲ್ಲ.

ಈ ಪರೀಕ್ಷೆ ಭವಿಷ್ಯ ಹೇಳುವುದಿಲ್ಲ. ಎರಡು ತುದಿಗಳನ್ನು ಬಿಟ್ಟು ನಡುವಿನದನ್ನು ಆರಿಸಲು ಸಾಕಾಗುತ್ತದೆ, ಅಷ್ಟೇ.

ಯಾರಿಗೆ ಯಾವುದು

ಪುಟ್ಟ ಮಕ್ಕಳಿರುವ ಮನೆಗೆ ನನ್ನ ಮೊದಲ ಆಯ್ಕೆ ಎರಡು ವರ್ಷ ದಾಟಿದ ಶಾಂತ ಲ್ಯಾಬ್, ಅಥವಾ ಮಕ್ಕಳ ಜೊತೆ ಇದ್ದು ಅಭ್ಯಾಸ ಆಗಿರುವ ದೊಡ್ಡ ಇಂಡಿ. ಮರಿ ಮತ್ತು ಮೂರು ವರ್ಷದ ಮಗು ಎರಡನ್ನೂ ಒಟ್ಟಿಗೆ ಸಾಕುವ ಶಕ್ತಿ ಇದ್ದವರು ಮರಿ ತರಲಿ.

ದಿನಕ್ಕೆ ಎಂಟು ಗಂಟೆ ಬೀಗ ಹಾಕುವ ಫ್ಲ್ಯಾಟಿಗೆ ಯಾವ ಮರಿಯೂ ಬೇಡ. ಒಂಟಿತನ ಸಹಿಸುತ್ತದೆ ಅಂತ ಗೊತ್ತಿರುವ ದೊಡ್ಡ ನಾಯಿ, ಜೊತೆಗೆ ಮಧ್ಯಾಹ್ನ ಬಂದು ಹೋಗುವವರೊಬ್ಬರು ಬೇಕು.

ಹಿರಿಯರಿಬ್ಬರೇ ಇದ್ದರೆ ತೂಕ ನೋಡಿ. 15 ಕಿಲೋ ಒಳಗಿನದ್ದು, ಬೆಲ್ಟ್ ಎಳೆಯದಿರುವಂಥದ್ದು. ಸ್ಪಿಟ್ಜ್ ಆದೀತು, ಸಣ್ಣ ಗಾತ್ರದ ಇಂಡಿಯೂ ಆದೀತು.

ಮಲೆನಾಡಿನ ತೋಟದ ಮನೆಯ ಲೆಕ್ಕ ಬೇರೆ. ಅಲ್ಲಿ ಮಂಗ, ಕಾಡುಹಂದಿ ಓಡಿಸಲು ನಾಯಿ ಬೇಕು. ಆದರೆ ರಾತ್ರಿ ಚಿರತೆ ಬಂದಾಗ ಮೊದಲು ಹೋಗುವುದು ಮುನ್ನುಗ್ಗುವ ನಾಯಿಯೇ. ಜಗಲಿ ಬಿಟ್ಟು ಇಳಿಯದೆ ಅಲ್ಲಿಂದಲೇ ಬೊಗಳಿ ಮನೆಯವರನ್ನು ಎಬ್ಬಿಸುವ, ಸ್ವಲ್ಪ ಪುಕ್ಕಲು ಅನ್ನಿಸುವ ಊರ ನಾಯಿ ಹೆಚ್ಚು ವರ್ಷ ಬದುಕುತ್ತದೆ. ಅದನ್ನೂ ಕತ್ತಲಾದ ಮೇಲೆ ಒಳಗೆ ಮಲಗಿಸಿ.

ಯಾವುದನ್ನೇ ತರುವ ಮುಂಚೆ ಒಂದು ಕೆಲಸ ಮಾಡಿ. ನಾಯಿಯನ್ನು ಎರಡು ಸಲ, ಬೇರೆ ಬೇರೆ ಹೊತ್ತಲ್ಲಿ ನೋಡಿ. ಒಮ್ಮೆ ಹಸಿದಿರುವಾಗ, ಒಮ್ಮೆ ಮನೆಗೆ ಜನ ಬರುವ ಹೊತ್ತಿಗೆ. ಸಾಧ್ಯವಾದರೆ ಹತ್ತು ಹದಿನೈದು ದಿನ ಮನೆಯಲ್ಲಿಟ್ಟುಕೊಂಡು ನೋಡುತ್ತೇವೆ, ಹೊಂದದಿದ್ದರೆ ವಾಪಸ್ ತರುತ್ತೇವೆ ಅಂತ ಮೊದಲೇ ಮಾತಾಡಿಕೊಳ್ಳಿ. ನಾಯಿ ಹೇಗಿರುತ್ತದೆ ಅಂತ ಗೊತ್ತಿರುವವರು ಇದಕ್ಕೆ ಒಪ್ಪುತ್ತಾರೆ. ‘ದುಡ್ಡು ಈಗಲೇ ಕೊಡಿ, ನಾಳೆ ಬೇರೆಯವರು ಬರ್ತಾರೆ’ ಅನ್ನುವವರ ಹತ್ತಿರ ಮರಿ ಎಷ್ಟೇ ಮುದ್ದಾಗಿದ್ದರೂ ಅಲ್ಲಿಗೆ ಬಿಟ್ಟುಬಿಡಿ.